ಸಂಘವಿಲ್ಲದ ಕಾವ್ಯ

ಬಂಡಾಯ ಕಾವ್ಯದಲ್ಲಿ ಕೂಲಿಯವನು ಬೇಕಾದಷ್ಟು ಸಲ ಬಂದಿದ್ದಾನೆ. ಅವನ ಬೆವರು, ಹಸಿವು, ಸಿಟ್ಟು ಎಲ್ಲ ಬಂದಿವೆ. ಬರದೇ ಉಳಿದದ್ದು ಅವನ ಸಂಘ. ಮೊದಲ ಸಾಲಲ್ಲಿ ಒಬ್ಬನೇ ನರಳುತ್ತಾನೆ, ಕೊನೆಯ ಸಾಲಲ್ಲಿ ಒಬ್ಬನೇ ಕತ್ತಿ ಹಿಡಿಯುತ್ತಾನೆ. ನಡುವೆ ಸಭೆ ಇಲ್ಲ, ಚಂದಾ ಇಲ್ಲ, ಬೇಡಿಕೆ ಪಟ್ಟಿ ಇಲ್ಲ. ಒಬ್ಬನ ಸಿಟ್ಟಿಗೆ ಮಾಲೀಕ ಹೆದರೋನಲ್ಲ. ಅವನನ್ನು ಗೇಟಿನಾಚೆ ದಬ್ಬಿ ಇನ್ನೊಬ್ಬನನ್ನು ಕರೀತಾನೆ.

ಕನ್ನಡಕ್ಕೆ ಇದು ಗೊತ್ತಿಲ್ಲದ್ದಲ್ಲ. ನಿರಂಜನರ 'ಚಿರಸ್ಮರಣೆ' 1955ರಲ್ಲೇ ಬಂತು. ಕಾಸರಗೋಡು ಸೀಮೆಯ ಕಯ್ಯೂರಿನ ರೈತರ ಕಥೆ ಅದು. 1943ರ ಮಾರ್ಚ್ 29ರಂದು ಅವರಲ್ಲಿ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಆದರೆ ಕಾದಂಬರಿಯ ಬಲ ಗಲ್ಲಿನಲ್ಲಿಲ್ಲ. ಊರ ಮೇಷ್ಟ್ರು ಹುಡುಗರನ್ನು ಕೂಡಿಸಿಕೊಂಡು ರೈತ ಸಂಘ ಕಟ್ಟುವುದರಲ್ಲಿದೆ.

ನಮ್ಮ ದೇವನಹಳ್ಳಿಯನ್ನೇ ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಸರ್ಕಾರ ಕೈಗಾರಿಕೆಗೆಂದು ಕಿತ್ತುಕೊಳ್ಳಲು ಹೊರಟಾಗ ರೈತರು 2022ರಿಂದ ಧರಣಿ ಕೂತರು. 2025ರ ಜೂನ್ 25ರ 'ದೇವನಹಳ್ಳಿ ಚಲೋ'ದಲ್ಲಿ ದಲಿತ ಸಂಘಟನೆಯವರೂ ಕಾರ್ಮಿಕ ಸಂಘದವರೂ ಜೊತೆಗಿದ್ದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟೆವೆಂದರು. ಫ್ಯಾಕ್ಟರಿಯವನಿಗೂ ಹೊಲಕ್ಕೂ ಏನು ನಂಟು ಅಂತ ಕೇಳೋರಿದ್ದಾರೆ. ಹೊಲ ಹೋದವನ ಮಕ್ಕಳೇ ನಾಳೆ ಗುತ್ತಿಗೆ ಕೂಲಿಗೆ ಗೇಟಿನ ಮುಂದೆ ನಿಲ್ಲೋದು. ಅದೇ ನಂಟು.

ಆ ಗೇಟಿನೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡುವ ತಿದ್ದುಪಡಿಯನ್ನು 2023ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿತು. ಕೆಲಸಗಾರರ ಒಪ್ಪಿಗೆ ಇದ್ದರೆ ಮಾತ್ರ ಎಂದಿತು. ಒಬ್ಬಳೇ ನಿಂತ ಹುಡುಗಿ ಸೂಪರ್‌ವೈಸರ್ ಮುಂದೆ 'ಒಲ್ಲೆ' ಅನ್ನೋಕಾಗುತ್ತಾ? ಸಂಘವಿಲ್ಲದ ಕಡೆ ಒಪ್ಪಿಗೆ ಅಂದರೆ ಬರೀ ಹೆದರಿಕೆ.

ಹಾಗಂತ ಸಂಘವನ್ನು ಗುಡಿ ಮಾಡಿ ಕೈಮುಗಿಯೋದು ಬೇಡ. ಮುಂಬಯಿ ಗಿರಣಿಗಳ ನೇಯ್ಗೆ ವಿಭಾಗ ಅಸ್ಪೃಶ್ಯರಿಗೆ ಮುಚ್ಚಿತ್ತು. ಲಾಳಿಯ ನೂಲನ್ನು ಬಾಯಿಂದ ಹೀರಿ ಎಳೆಯಬೇಕಲ್ಲ, ಮೈಲಿಗೆಯಂತೆ! 1928ರ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಅವರು ಕಾರ್ಮಿಕ ನಾಯಕರ ಮುಂದಿಟ್ಟದ್ದು ಇದೇ ಪ್ರಶ್ನೆ. ಆದರೆ ಅವರು ಬೆನ್ನು ತಿರುಗಿಸಿ ಹೋಗಲಿಲ್ಲ. 1938ರ ನವೆಂಬರ್ 7ರಂದು, ಮುಷ್ಕರದ ಹಕ್ಕಿಗೆ ಕತ್ತರಿ ಹಾಕುವ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆಯೇ ನಿಂತು ಮುಷ್ಕರ ನಡೆಸಿದರು. ಜಾತಿಯನ್ನು ಕೇಳುತ್ತಲೇ ಸಂಘ ಕಟ್ಟಬೇಕು ಎಂಬ ಪಾಠ ಅಲ್ಲಿದೆ.

2022ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರು, ಬಹುಪಾಲು ದಲಿತ ಹೆಂಗಸರು, ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. 2025ರ ಮೇ ದಿನದಂದು ಸಾವಿರಾರು ಜನರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಅದು ಯಾರ ಕರುಣೆಯೂ ಅಲ್ಲ.

ಕವಿಗಳನ್ನು ನಾವು ಕೇಳೋದು ಇಷ್ಟೇ. ಪೌರಕಾರ್ಮಿಕಳ ಕಣ್ಣೀರು ಬರೆದದ್ದು ಸಾಕು. ಮನವಿಗೆ ಸಹಿ ಹಾಕಲು ಹೆದರಿ ಕೂತವಳು, ಪಕ್ಕದವಳು ಹೆಬ್ಬೆಟ್ಟು ಒತ್ತಿದ್ದನ್ನು ನೋಡಿ ತಾನೂ ಕೈ ಚಾಚಿದಳಲ್ಲ, ಅದನ್ನು ಬರೆಯಿರಿ.