ರಟ್ಟು ಕಟ್ಟುವವನು ಮಾಡಿದ ಪತ್ರಿಕೆ

ಪತ್ರಿಕೆಗಳ ಚರಿತ್ರೆ ಬರೆಯುವವರು ಸಂಪಾದಕರಿಗೆ ಅಗ್ರಪೀಠವನ್ನಿತ್ತು ವರದಿಗಾರರಿಗೂ ಒಂದು ಮಣೆ ಹಾಕುತ್ತಾರೆ. ಅಚ್ಚು ಹಾಕಿದವನ ಹೆಸರು ಅಡಿಟಿಪ್ಪಣಿಗೆ ಇಳಿಯುತ್ತದೆ. ಯುರೋಪಿನ ಮಟ್ಟಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. ಅಲ್ಲಿಯ ಮೊದಲ ಅಚ್ಚಿನ ವಾರಪತ್ರಿಕೆಯೆಂದು ಬಹುಮಂದಿ ವಿದ್ವಾಂಸರು ಒಪ್ಪುವ ‘ರೆಲಾಟ್ಸಿಯೋನ್’ ಅನ್ನು ಹೊರತಂದ ಯೋಹಾನ್ ಕರೋಲಸ್ ಪಂಡಿತನಲ್ಲ, ಪುಸ್ತಕಗಳಿಗೆ ರಟ್ಟು ಕಟ್ಟಲು ಕಲಿತವನು.

ಇಂದು ಫ್ರಾನ್ಸಿಗೆ ಸೇರಿದ, ಅಂದು ಜರ್ಮನ್ ಸಾಮ್ರಾಜ್ಯದಲ್ಲಿದ್ದ ಸ್ಟ್ರಾಸ್‌ಬರ್ಗ್ ಅವನ ಊರು. ಸುದ್ದಿಯ ಓಲೆಗಳನ್ನು ಕೈಯಲ್ಲಿ ನಕಲು ಮಾಡಿ ಹಣವಂತರಿಗೆ ಮಾರುತ್ತಿದ್ದವನು, ಬಳಿಕ ಒಂದು ಅಚ್ಚುಕೂಟವನ್ನೇ ಕೊಂಡನು. ನಕಲಿಗೆ ಹೊತ್ತು ಹಿಡಿಯುವುದರಿಂದ ಅಚ್ಚು ಹಾಕತೊಡಗಿದ್ದೇನೆ, ಬೇರೆಯವರು ಇದನ್ನು ಮರುಮುದ್ರಿಸದಂತೆ ತಡೆಯಬೇಕು ಎಂದು 1605ರಲ್ಲಿ ನಗರಸಭೆಗೆ ಅರ್ಜಿ ಹಾಕಿದನು. ಸಭೆ ಒಪ್ಪಲಿಲ್ಲ. ಆ ಅರ್ಜಿಯಲ್ಲಿ ಎದ್ದು ಕಾಣುವುದು ಹಾಕಿದ ಬಂಡವಾಳದ ಚಿಂತೆ. ಪತ್ರಿಕೆಯ ಹುಟ್ಟಿಗೆ ಜ್ಞಾನದಾಹವನ್ನೇ ಕಾರಣವಾಗಿ ಹೇಳುವವರು ಇದನ್ನೊಮ್ಮೆ ಓದಬೇಕು.

ನೋಟಕ್ಕೆ ‘ರೆಲಾಟ್ಸಿಯೋನ್’ ಒಂದು ಸಣ್ಣ ಪುಸ್ತಕ. ಪುಸ್ತಕದ ಅಳತೆಯ ಹಾಳೆ, ವರ್ಷಕ್ಕೊಂದು ಮುಖಪುಟ. ಸುದ್ದಿಗೆ ತಲೆಬರಹವಿಲ್ಲ, ಯಾವ ಊರಿನಿಂದ ಯಾವ ದಿನ ಬರೆದ ಕಾಗದ ಎಂಬುದಷ್ಟೇ ಮೇಲಿರುತ್ತದೆ. ರೋಮು, ವೆನಿಸ್, ವಿಯೆನ್ನಾ, ಪ್ರಾಗ್ ಎಲ್ಲಕ್ಕೂ ಒಂದೇ ಮರ್ಯಾದೆ. ಪ್ರಾಗಿನ ರಾಜಕಾರಣ ತಿಳಿಯದವನಿಗೆ ವಿವರಣೆಯ ಆಸರೆಯಿಲ್ಲವೆಂಬುದು ನಿಜವಾದ ಕೊರತೆ. ಆದರೂ ಬಂದ ಕಾಗದಕ್ಕೆ ತನ್ನ ಬಣ್ಣ ಬಳಿಯದ ಆ ಸಂಯಮವನ್ನು ನಾನು ಮೆಚ್ಚುತ್ತೇನೆ. ಅದು ಇನ್ನೊಬ್ಬರ ಬರಹಕ್ಕೆ ಮೊಳೆ ಜೋಡಿಸುವವನ ಸಂಯಮ.

1609ರ ಸಂಪುಟದ ಮುನ್ನುಡಿಯಂತೂ ನನಗೆ ಬಲು ಪ್ರಿಯ. ಊರುಗಳ, ವ್ಯಕ್ತಿಗಳ ಹೆಸರು ಪರಿಚಯವಿಲ್ಲದೆ ತಪ್ಪುಗಳಾಗಿರಬಹುದು, ರಾತ್ರಿ ಅವಸರದಲ್ಲಿ ಆಗುವ ಕೆಲಸ, ವಾಚಕರೇ ತಿದ್ದಿಕೊಳ್ಳಬೇಕು ಎಂದು ಅಲ್ಲಿ ಬೇಡಿಕೊಂಡಿದ್ದಾನೆ. ಗ್ರಂಥಕ್ಕಾದರೆ ಕರಡನ್ನು ಮತ್ತೆ ಮತ್ತೆ ನೋಡಬಹುದು, ಕಡೆಗೆ ಒಪ್ಪೋಲೆಯನ್ನೂ ಹಚ್ಚಬಹುದು. ಅಂಚೆಯ ದಿನ ಕಾಯುವುದಿಲ್ಲವಲ್ಲ! ಪುಸ್ತಕದ ಕಸುಬಿನವನು ವಾರದ ಗಡುವಿಗೆ ಸಿಕ್ಕಿ ಪಟ್ಟ ಸಂಕಟ ಈ ನಾಲ್ಕು ಸಾಲುಗಳಲ್ಲಿದೆ.

1605ರಿಂದ 1608ರವರೆಗಿನ ಒಂದು ಸಂಚಿಕೆಯೂ ಸಿಕ್ಕಿಲ್ಲ. 1609ರವು ಹೈಡಲ್‌ಬರ್ಗ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಉಳಿದಿವೆ, ಒಟ್ಟಿಗೆ ಹೊಲಿದು ರಟ್ಟು ಕಟ್ಟಿದ ಪುಸ್ತಕವಾಗಿ.