ಡಬ್ಬಿಯ ಮೇಲಿನ ಜಿಬಿ

ದೀಪಾವಳಿಗೆ ಶುರುವಾದ ಹೋರಿ ಹಬ್ಬ ಹಾನಗಲ್, ಹಿರೇಕೆರೂರು ಕಡೆ ವಾರಗಟ್ಟಲೆ ನಡೆಯುತ್ತದೆ. ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ಅಖಾಡಕ್ಕೆ ನುಗ್ಗುವ ಎರಡು ಸೆಕೆಂಡನ್ನು ಸ್ಲೋಮೋಷನ್ನಿನಲ್ಲಿ ಹಿಗ್ಗಿಸಿ ಯೂಟ್ಯೂಬಿಗೆ ಏರಿಸುವ ಹುಡುಗರಿಗೂ, ಸವಣೂರು, ಶಿಗ್ಗಾವಿಯ ಮದುವೆ ಸ್ಟುಡಿಯೊದವರಿಗೂ ಹೊಸ ಸಿಸ್ಟಮ್ ಎಂದರೆ ಒಂದೇ ಪ್ರಶ್ನೆ: ‘ಎಷ್ಟು ಜಿಬಿ ಕಾರ್ಡ್ ಹಾಕಸೂಣ್ರೀ?’ ಜಿಬಿ ಕೇಳಿದವರಿಗೆ ಅಂಗಡಿಯವರು ಜಿಬಿಯನ್ನೇ ಮಾರುತ್ತಾರೆ.

ಜಿಟಿ 730 ಎಂಬ ಗ್ರಾಫಿಕ್ಸ್ ಕಾರ್ಡನ್ನೇ ನೋಡಿ. 2014ರ ಸರಕು, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 4 ಜಿಬಿ. ಅದರ 64 ಬಿಟ್ ಡಿಡಿಆರ್3 ಮಾದರಿಯಲ್ಲಿ ಸೆಕೆಂಡಿಗೆ 14.4 ಜಿಬಿ ಹೋಗಿಬಂದರೆ ಅದೇ ಹೆಚ್ಚು. ಪ್ರೊಸೆಸರ್‌ನೊಳಗೇ ಇರುವ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಸಿಸ್ಟಮ್ಮಿನ ರ್‍ಯಾಮಿನಲ್ಲೇ ಪಾಲು ಪಡೆಯಬೇಕು, ನಿಜ. ಆದರೆ ಡಿಡಿಆರ್4 3200ರ ಎರಡು ಸ್ಟಿಕ್ ಜೋಡಿ ಹಾಕಿದರೆ ಆ ರ್‍ಯಾಮಿನ ವೇಗ 51.2 ಜಿಬಿ. 16 ಜಿಬಿಯ ಒಂದೇ ಸ್ಟಿಕ್ ಹಾಕಿದಿರೋ, ಅದರರ್ಧ. ಹಾಗಾಗಿ 8ರವು ಎರಡು ಕೊಳ್ಳಿ. ರೈಜನ್ 5 5600ಜಿ ಪ್ರೊಸೆಸರ್ ಇಷ್ಟರಿಂದಲೇ ಆ ಕಾರ್ಡನ್ನು ಹಿಂದೆ ಹಾಕುತ್ತದೆ. ಫ್ಲೆಕ್ಸ್, ಲಗ್ನಪತ್ರಿಕೆ ಡಿಸೈನ್ ಮಾಡುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ವಿಡಿಯೊದವರ ಕಥೆ ಇನ್ನೂ ಸ್ವಾರಸ್ಯದ್ದು. ಸೋನಿಯ ಈಚಿನ ಕ್ಯಾಮೆರಾಗಳು 10 ಬಿಟ್ 4:2:2 ಎಚ್.265ರಲ್ಲಿ ಚಿತ್ರೀಕರಿಸಬಲ್ಲವು. ಆ ಫೈಲನ್ನು ನೇರವಾಗಿ ಬಿಡಿಸುವ ಏರ್ಪಾಡು ಎನ್ವಿಡಿಯಾ ಕಾರ್ಡುಗಳಿಗೆ ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್‌ನ ಸಾಧಾರಣ ಐ3-12100ರ ಒಳಗಿನ ಗ್ರಾಫಿಕ್ಸಿಗೆ ಅದು ಮೊದಲೇ ಗೊತ್ತು. ಅದರ ಕ್ವಿಕ್ ಸಿಂಕ್ ಎಂಬ ಭಾಗದ ಕೆಲಸವಿದು. ಆರ್‌ಟಿಎಕ್ಸ್ 3060 ಹಾಕಿಸಿಯೂ ಟೈಮ್‌ಲೈನ್ ತಡವರಿಸುತ್ತದೆಂದು ಗೊಣಗುವವರು ಪ್ರೊಸೆಸರ್ ಹೆಸರಿನ ಕೊನೆಯಕ್ಷರ ನೋಡಲಿ. ಐ5-12400ಎಫ್ ಇದ್ದರೆ, ಆ ‘ಎಫ್’ ಇರುವುದರಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ನಾಲ್ಕು ಕಾಸು ಉಳಿಸಲು ಹೋಗಿ ಇದನ್ನು ಕೊಳ್ಳುವುದು ನನಗಂತೂ ಸರಿಕಾಣದು. ಮುಹೂರ್ತದ ದಿನಗಳಲ್ಲಿ ಕಾರ್ಡ್ ಕೈಕೊಟ್ಟರೆ ಪರದೆಯೂ ಕಪ್ಪು. ವಾರಂಟಿಗೆ ಹುಬ್ಬಳ್ಳಿಗೋ ದಾವಣಗೆರೆಗೋ ಓಡಬೇಕು.

ಬಣ್ಣ ತಿದ್ದುವುದು, ನಾಯ್ಸ್ ತೆಗೆಯುವುದು, ಹೊಸ ಗೇಮು ಎಂದರೆ ಮಾತ್ರ ಕಾರ್ಡ್ ಬೇಕೇ ಬೇಕು. ಜಿಟಿಎಕ್ಸ್ 1650ಕ್ಕಿಂತ ಕೆಳಗಿಳಿಯಬೇಡಿ. ಅದಕ್ಕೆ 75 ವ್ಯಾಟ್ ಸಾಕು. 3060 ಒಂದೇ 170 ತಿನ್ನುತ್ತದೆ, ಅಂಗಡಿಗಳಲ್ಲಿರುವ 600 ವಿಎ ಯುಪಿಎಸ್ ಕರೆಂಟ್ ಹೋದ ಕೂಡಲೇ ಕೈಚೆಲ್ಲುತ್ತದೆ.

ಹಾಕಿಸಿದ ಮೇಲೆ ಮಾನಿಟರ್ ಕೇಬಲ್ ಯಾವ ಪೋರ್ಟಿಗೆ ಹೋಗಿದೆ ನೋಡಿ. ಕ್ಯಾಬಿನೆಟ್ಟಿನ ಹಿಂದೆ ಮೇಲ್ಗಡೆ ಇರುವುದು ಮದರ್‌ಬೋರ್ಡಿನದು, ಕೆಳಗೆ ಅಡ್ಡಲಾಗಿ ಇರುವುದು ಕಾರ್ಡಿನದು. ಮೇಲಿನದಕ್ಕೇ ಚುಚ್ಚಿಕೊಂಡು ಹೊಸ ಕಾರ್ಡಿನಲ್ಲಿ ಗೇಮ್ ಓಡುತ್ತಿಲ್ಲವೆಂದು ಅಂಗಡಿಯವರ ಜತೆ ಜಗಳಕ್ಕೆ ನಿಂತವರನ್ನು ಎಷ್ಟೋ ಕಡೆ ನೋಡಿದ್ದೇನೆ.