ಹೆಸರು ಹುಡುಕುವ ಆಟ

ಕಥೆ ನಮ್ಮನ್ನು ಮುಂದಕ್ಕೆ ಎಳೆಯುತ್ತದೆ. ಒಗಟು ನಿಂತು ಯೋಚಿಸು ಎನ್ನುತ್ತದೆ. ಕಂಪ್ಯೂಟರಿನ ಅಡ್ವೆಂಚರ್ ಆಟಗಳನ್ನು ಕಟ್ಟುವವರಿಗೆ ಇವೆರಡನ್ನೂ ಜೊತೆಯಾಗಿ ನಡೆಸುವುದೇ ಹಳೆಯ ತಲೆನೋವು. 1999ರ ‘ಗೇಬ್ರಿಯಲ್ ನೈಟ್ 3’ರಲ್ಲಿ ನಾಯಕನಿಗೆ ಬಾಡಿಗೆಗೆ ಒಂದು ಮೋಟಾರ್ ಸೈಕಲ್ ಬೇಕು. ಅದಕ್ಕಾಗಿ ಗೆಳೆಯನ ವೇಷ ಹಾಕಬೇಕು, ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿ ಅಂಟಿಸಿಕೊಳ್ಳಬೇಕು. ತಮಾಷೆಯೆಂದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ. ಹಾಗಾಗಿ ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಮೀಸೆ ಬರೆಯಬೇಕು! ಒಗಟು ಬಿಡಿಸಿದೆವು, ದಾರಿ ತೆರೆಯಿತು. ಆದರೆ ಇಬ್ಬರ ಬಗ್ಗೆಯೂ ಹೊಸದೇನೂ ತಿಳಿಯಲಿಲ್ಲ.

ಲ್ಯೂಕಾಸ್ ಪೋಪ್ 2018ರಲ್ಲಿ ಹೊರತಂದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಇದಕ್ಕೆ ಉತ್ತರದಂತಿದೆ. 1802ರಲ್ಲಿ ಲಂಡನ್ನಿನಿಂದ ಹೊರಟು ಕಣ್ಮರೆಯಾದ ಹಡಗೊಂದು 1807ರಲ್ಲಿ ಬರಿದಾಗಿ ಫಾಲ್ಮತ್ ಬಂದರಿಗೆ ತೇಲಿಬರುತ್ತದೆ. ಆಟಗಾರನು ಈಸ್ಟ್ ಇಂಡಿಯಾ ಕಂಪೆನಿಯ ವಿಮಾ ತನಿಖಾಧಿಕಾರಿ. ಶವದ ಬಳಿ ಮಾಯಾ ಗಡಿಯಾರ ತೆರೆದರೆ ಸಾವಿನ ಕ್ಷಣದ ಮಾತುಗಳು ಕೇಳಿಸುತ್ತವೆ. ಆ ಕ್ಷಣ ನಿಶ್ಚಲ ಚಿತ್ರವಾಗಿ ಕಾಣುತ್ತದೆ. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಏನಾದರು ಎಂದು ಗುರುತಿಸಬೇಕು. ಯಾರು ಯಾರ ಪಕ್ಕ ನಿಂತಿದ್ದಾರೆ, ತೂಗುಮಂಚದ ಸಂಖ್ಯೆ ಎಷ್ಟು, ಉಚ್ಚಾರಣೆ ಯಾವ ಸೀಮೆಯದು ಎಂಬುದೆಲ್ಲ ಸುಳಿವೇ. ಮನುಷ್ಯರನ್ನು ಗಮನಿಸದೆ ಒಗಟು ಬಿಡುವುದಿಲ್ಲ; ಬಿಡಿಸುತ್ತ ಹೋದಂತೆ ಕಥೆ ತಾನಾಗಿ ಕೂಡಿಕೊಳ್ಳುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ಈ ಹಡಗಿನಲ್ಲಿ ಭಾರತದ ನಾವಿಕರೂ ಇದ್ದಾರೆ. ಅವರಲ್ಲಿ ಇಬ್ಬರು ಕಾಯಿಲೆಯಿಂದ ಸಾಯುತ್ತಾರೆ. ಅವರನ್ನು ಗುರುತಿಸಲು ನಾವು ಮೊದಲು ನೋಡುವುದು ಮುಖಚಹರೆ, ಉಡುಪು. ಅನಂತರ ಪಟ್ಟಿಯಲ್ಲಿ ಆ ದೇಶದ ಹೆಸರು ಹುಡುಕುತ್ತೇವೆ. ಮೂವರ ವಿವರ ಸರಿಯಾದಾಗ ಆಟ ಒಪ್ಪಿಗೆ ಕೊಡುವುದರಿಂದ, ಉಳಿದ ಹೆಸರುಗಳನ್ನು ಅದಲುಬದಲು ಮಾಡಿಯೂ ಗೆಲ್ಲಬಹುದು. ವೇಷ ನೋಡಿ ಮನುಷ್ಯನನ್ನು ತೀರ್ಮಾನಿಸುವ ಅಭ್ಯಾಸದಿಂದ ಎಷ್ಟು ಜನ ನೊಂದಿದ್ದಾರೆಂದು ನಮಗೆ ಗೊತ್ತು. ಇಲ್ಲಿ ಅದೇ ಅಭ್ಯಾಸಕ್ಕೆ ಬಹುಮಾನವಿದೆ.

ಬಹುಶಃ ಪೋಪ್‌ಗೂ ಇದರ ಅರಿವಿದ್ದಿರಬೇಕು. ಕೊನೆಗೆ ನಮ್ಮ ಇಷ್ಟು ಶ್ರಮವೂ ವಿಮೆಯ ಲೆಕ್ಕವಾಗುತ್ತದೆ: ಯಾರ ವಾರಸುದಾರರಿಗೆ ಎಷ್ಟು ಪರಿಹಾರ, ಯಾರಿಗೆ ದಂಡ. ಕಂಪೆನಿಗೆ ಬೇಕಾಗಿದ್ದುದು ಅಷ್ಟೇ. ಹೆಸರು ಪತ್ತೆಯಾಯಿತು, ಆ ಹೆಸರಿನ ಮನುಷ್ಯ ಏಕೆ ಹಡಗು ಹತ್ತಿದ, ಮನೆಯಲ್ಲಿ ಯಾರು ಅವನ ದಾರಿ ಕಾಯುತ್ತಿದ್ದರು ಎಂಬ ಪ್ರಶ್ನೆ ಆ ಪುಸ್ತಕದ ಹೊರಗೇ ಉಳಿಯಿತು. ಒಗಟಿಗೆ ಉತ್ತರ ಸಿಕ್ಕಮೇಲೂ ಕಥೆಗಾರನಿಗೆ ಕೆಲಸ ಬಾಕಿಯಿರುತ್ತದೆ.